ಚಳಿಯ ಪೆಟ್ಟನ್ನು ಅಳೆದ ಬಗೆ



ಸೊಲ್ಲಾಪುರದ ವಳಸಂಗದ ಕಡೆ ಖಿಲಾರಿ ಆಕಳೋ ಪಂಢರಪುರಿ ಎಮ್ಮೆಯೋ ಬೆದೆಗೆ ಬಂದರೆ ಡಾಕ್ಟರನ್ನು ಕರೆಸಿ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಮಾಡಿಸುತ್ತೇವೆ. ಅವರ ಕಂಟೇನರಿನ ದ್ರವ ಸಾರಜನಕದೊಳಗೆ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ವೀರ್ಯದ ಕಡ್ಡಿಗಳಿರುತ್ತವೆ. ಅಲ್ಲಿ ವೀರ್ಯ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಆ ಚಳಿಗೆ ಇಳಿಯುವಾಗ, ಮತ್ತೆ ಕರಗುವಾಗ ಎಷ್ಟೋ ವೀರ್ಯಾಣುಗಳು ಸಾಯುತ್ತವೆ. ಈ ನಷ್ಟವನ್ನು ಅಳೆಯುವುದು ಹೇಗೆ?

1776ರಲ್ಲಿ ಇಟಲಿಯ ವಿಜ್ಞಾನಿ ಸ್ಪಲ್ಲಂಜಾನಿ ವೀರ್ಯವನ್ನು ಹಿಮದಲ್ಲಿಟ್ಟ. ವೀರ್ಯಾಣುಗಳ ಓಡಾಟ ನಿಂತಿತು. ಬೆಚ್ಚಗಾದಾಗ ಮತ್ತೆ ಶುರುವಾಯಿತು. ಹೀಗೆ ಓಡಾಟವೇ ಜೀವದ ಗುರುತಾಯಿತು.

ನಮ್ಮ ದೇಶದಲ್ಲಿ ಮೊದಲು ಕೃತಕ ಗರ್ಭಧಾರಣೆ ಮಾಡಿದವರು ಸಂಪತ್ ಕುಮಾರನ್, 1939ರಲ್ಲಿ, ಮೈಸೂರು ಅರಮನೆಯ ಡೇರಿಯಲ್ಲಿ. ಆ ಹೊತ್ತಿಗೇ ಅಮೆರಿಕದಲ್ಲಿ ಮೊಟ್ಟೆಯ ಹಳದಿ ಬೆರೆಸಿ ತಂಪಿನ ಪೆಟ್ಟನ್ನು ತಗ್ಗಿಸಿದರು. ಆದರೂ ವೀರ್ಯ ಕೆಲವೇ ದಿನ ಬಾಳುತ್ತಿತ್ತು. 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳಾದ ಪೋಲ್ಜ್, ಸ್ಮಿತ್, ಪಾರ್ಕ್ಸ್ ಗ್ಲಿಸರಾಲ್ ಬೆರೆಸಿದರೆ ಹೆಪ್ಪುಗಟ್ಟಿದ ವೀರ್ಯಾಣುವೂ ಬದುಕುತ್ತದೆಂದು ತೋರಿಸಿದರು. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಘನೀಕೃತ ವೀರ್ಯದ ಕೇಂದ್ರ ಹುಟ್ಟಿತು.

ಹೆಪ್ಪುಗಟ್ಟಿಸುವುದು ಬಂದ ಮೇಲೆ ಹಳೆಯ ಗುರುತು ಸಾಲದಾಯಿತು. ಬಾಲ ಆಡುತ್ತಿದ್ದರೂ ತಲೆಯ ಮೇಲಿನ ಟೋಪಿ ಒಡೆದಿದ್ದರೆ ವೀರ್ಯಾಣು ಅಂಡದೊಳಗೆ ಹೋಗಲಾರದು. ಹಾಗಾಗಿ ಬಣ್ಣದ ಪರೀಕ್ಷೆಗಳು ಬಂದವು: ಇಯೋಸಿನ್ ಹಾಕಿದರೆ ಪೊರೆ ಹರಿದದ್ದು ಕೆಂಪಾಗುತ್ತದೆ, ಗಟ್ಟಿಯಾಗಿರುವುದು ಬೆಳ್ಳಗೆ ಉಳಿಯುತ್ತದೆ. 1984ರಲ್ಲಿ ಇನ್ನೊಂದು ಉಪಾಯ ಪ್ರಕಟವಾಯಿತು. ಲವಣಾಂಶ ಕಡಿಮೆಯಿರುವ ದ್ರಾವಣದಲ್ಲಿ ಬಿಟ್ಟಾಗ ಪೊರೆ ಸರಿಯಿದ್ದರೆ ನೀರು ಒಳನುಗ್ಗಿ ಬಾಲ ಸುರುಳಿಯಾಗುತ್ತದೆ. ಹರಿದಿದ್ದರೆ ನೆಟ್ಟಗೇ ಇರುತ್ತದೆ.

ಇಂದು ನಮ್ಮ ಕೇಂದ್ರಗಳಲ್ಲಿ ಕಡ್ಡಿಯೊಂದಕ್ಕೆ 2 ಕೋಟಿ ವೀರ್ಯಾಣು ತುಂಬುತ್ತಾರೆ. ಕರಗಿಸಿದಾಗ ಅರ್ಧದಷ್ಟಾದರೂ ಓಡಾಡದಿದ್ದರೆ ಆ ತಂಡದ ಕಡ್ಡಿಗಳು ಹೊರಗೆ ಬರುವುದಿಲ್ಲ. ಎಮ್ಮೆಗಳಲ್ಲಿ ಈ ಜಾಗ್ರತೆ ಇನ್ನೂ ಹೆಚ್ಚು ಬೇಕು. ಕೋಣದ ವೀರ್ಯ ಹೋರಿಯದಕ್ಕಿಂತ ಚಳಿಗೆ ಬೇಗ ಹಾಳಾಗುತ್ತದೆ.

ಆದರೆ ಈ ಪರೀಕ್ಷೆಗಳೆಲ್ಲ ಕೇಂದ್ರದಲ್ಲೇ ಮುಗಿಯುತ್ತವೆ. ಸೊಲ್ಲಾಪುರದ ಬೇಸಿಗೆಯಲ್ಲಿ ಕಂಟೇನರಿನ ಸಾರಜನಕ ಇಳಿದರೆ, ಕಡ್ಡಿಯನ್ನು ಪದೇಪದೇ ಮೇಲೆತ್ತಿದರೆ, ಆದ ಹಾನಿ ಕಣ್ಣಿಗೆ ಕಾಣುವುದಿಲ್ಲ. ಮರಳಿ ತಂಪು ಮಾಡಿದರೆ ಸರಿಹೋಗುವುದೂ ಇಲ್ಲ. ಆದ್ದರಿಂದ ಆಕಳು ತಿರುಗಿ ಬೆದೆಗೆ ಬಂದರೆ ಅದನ್ನೇ ಬಂಜೆಯೆಂದು ಸಂತೆಗೆ ಅಟ್ಟಬೇಡಿ. ಸಾರಜನಕ ಎಷ್ಟಿತ್ತು, ಕಡ್ಡಿಯನ್ನು 37 ಡಿಗ್ರಿ ಬಿಸಿನೀರಿನಲ್ಲಿ 30 ಸೆಕೆಂಡು ಇಟ್ಟಿದ್ದರೇ ಎಂದು ಮೊದಲು ಕೇಳಿ.