ಕಣ್ಣಿನ ಮೂಲೆಯ ನೋವು: ಉಪೇಕ್ಷೆ ಬೇಡ

(ಬೆಳ್ಳಂದೂರಿನಲ್ಲಿ ಹಾಲು ಉತ್ಪಾದಕ ಸದಸ್ಯರಿಗೆ ನೇತ್ರವೈದ್ಯರು ಮಾಡಿದ ಭಾಷಣ)



ಹಸುವಿನ ಕೆಚ್ಚಲು ತುಸು ಗಟ್ಟಿಯಾದರೂ ನೀವು ಆ ದಿನವೇ ಪಶುವೈದ್ಯರಿಗೆ ಹೇಳಿಕಳಿಸುತ್ತೀರಿ. ನಿಮ್ಮದೇ ಕಣ್ಣಿನ ಮೂಲೆ ಊದಿದರೆ ಮಾತ್ರ ಸೆರಗಿನಲ್ಲಿ ಒರೆಸಿಕೊಳ್ಳುತ್ತ ವಾರಗಟ್ಟಲೆ ತಳ್ಳುತ್ತೀರಿ. ಅದೂ ಬಾವೇ.

ಮೂಗಿನ ಪಕ್ಕದ ಮೂಲೆಯಲ್ಲಿ, ಚರ್ಮದ ಕೆಳಗೆ, ಕಣ್ಣೀರಿನ ಚೀಲವಿದೆ. ಕಣ್ಣಿನ ನೀರು ಅಲ್ಲಿಂದ ಸಣ್ಣ ನಾಳದಲ್ಲಿ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದರಿಂದಲೇ. ಈ ನಾಳ ಕಟ್ಟಿಕೊಂಡರೆ ನೀರು ನಿಂತು ರೋಗಾಣು ಬೆಳೆಯುತ್ತದೆ. ಮೊದಲು ಬರೀ ನೀರು ಸೋರುತ್ತದೆ. ಆಮೇಲೆ ಕೀವು. ಕೊನೆಗೆ ಮೂಲೆ ಕೆಂಪಗೆ ಊದಿ, ಮುಟ್ಟಲಾಗದಷ್ಟು ನೋವು. 40 ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ವೈದ್ಯರು ಕೊಟ್ಟ ಆಂಟಿಬಯಾಟಿಕ್ ಮಾತ್ರೆಗಳನ್ನು ನಡುವೆ ಬಿಡದೆ ಮುಗಿಸಬೇಕು. ಬೆಚ್ಚಗಿನ ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಶಾಖ ಕೊಡಬಹುದು. ಹಿಸುಕುವುದು, ಸೂಜಿಯಿಂದ ಚುಚ್ಚುವುದು ಕೂಡದು. ಮಾತ್ರೆಯಿಂದ ಬಾವು ಇಳಿಯುತ್ತದೆ, ಆದರೆ ಕಟ್ಟಿದ ನಾಳ ತೆರೆಯುವುದಿಲ್ಲ. ಬಾವು ಇಳಿದ ಮೇಲೆ ಡಿ.ಸಿ.ಆರ್. ಎಂಬ ಶಸ್ತ್ರಚಿಕಿತ್ಸೆ ಮಾಡಿ ಚೀಲದಿಂದ ಮೂಗಿಗೆ ಹೊಸ ದಾರಿ ಮಾಡುತ್ತಾರೆ. ನೋವು ಹೋಯಿತೆಂದು ಇದನ್ನು ಮುಂದೂಡಿದರೆ ಬಾವು ಮತ್ತೆ ಬರುವುದೇ ಹೆಚ್ಚು.

ಹಸುಗೂಸುಗಳಿಗೂ ಇದೇ ನಾಳ ಮುಚ್ಚಿ ಕಣ್ಣು ಸೋರುವುದುಂಟು. ವೈದ್ಯರು ತೋರಿಸಿದಂತೆ ಮೂಲೆಯನ್ನು ನೀವಿದರೆ ಬಹುಪಾಲು ಮಕ್ಕಳಲ್ಲಿ ವರ್ಷದೊಳಗೆ ತೆರೆದುಕೊಳ್ಳುತ್ತದೆ.

ರೆಪ್ಪೆಯಂಚಿನ ಕುರು ಶಾಖಕ್ಕೇ ಇಳಿಯುತ್ತದೆ. ಬಿಸಿಲು, ದೂಳಿನಲ್ಲಿ ದುಡಿಯುವವರಿಗೆ ಮೂಲೆಯಿಂದ ಕರಿಗುಡ್ಡೆಯ ಕಡೆಗೆ ಮಾಂಸದ ಪೊರೆ ಬೆಳೆಯಬಹುದು. ಹೊರವರ್ತುಲ ರಸ್ತೆಯ ಕಂಪನಿಗಳಲ್ಲಿ ದಿನವಿಡೀ ಕಂಪ್ಯೂಟರ್ ನೋಡುವ ನಿಮ್ಮ ಮಕ್ಕಳ ಕಣ್ಣುರಿ ಹೆಚ್ಚಾಗಿ ಕಣ್ಣು ಒಣಗುವುದರಿಂದ. ಆಗಾಗ ರೆಪ್ಪೆ ಮಿಟುಕಿಸಿ ದೂರ ನೋಡಲು ಹೇಳಿ.

ನನಗೆ ಹೆಚ್ಚು ಭಯವಿರುವುದು ಕೊಟ್ಟಿಗೆಯ ಏಟಿನ ಬಗ್ಗೆ. ಹಾಲು ಕರೆಯುವಾಗ ಬಾಲದ ಏಟು, ಮೇವು ಕೊಯ್ಯುವಾಗ ಜೋಳದ ಎಲೆಯ ಗೀರು, ಒಣಹುಲ್ಲಿನ ಸಿಬಿರು. ಗೀರು ಸಣ್ಣದಿರಬಹುದು, ಆದರೆ ಅದರ ಮೂಲಕ ಬೂಷ್ಟು ರೋಗ ಹೊಕ್ಕರೆ ಕರಿಗುಡ್ಡೆಯಲ್ಲಿ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಎಲೆರಸ, ಎದೆಹಾಲು, ಹರಳೆಣ್ಣೆ ಹಾಕಬೇಡಿ. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಹನಿ ಇನ್ನೂ ಅಪಾಯ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ಗುಣವಾದಂತೆ ಕಾಣುತ್ತದೆ, ಒಳಗೆ ಹುಣ್ಣು ಬೆಳೆಯುತ್ತಿರುತ್ತದೆ. ಸುಣ್ಣ ಅಥವಾ ಕೊಟ್ಟಿಗೆ ತೊಳೆಯುವ ಔಷಧಿ ಸಿಡಿದರೆ ನಿಂತಲ್ಲೇ 15–20 ನಿಮಿಷ ಶುದ್ಧವಾದ ನಲ್ಲಿ ನೀರು ಹರಿಸಿ, ನಂತರ ಆಸ್ಪತ್ರೆಗೆ ಹೊರಡಿ. ಕೆರೆಯ ನೀರು ಬೇಡ. 2015 ಮತ್ತು 2017ರಲ್ಲಿ ನಮ್ಮ ಕೆರೆಯ ನೊರೆ, ಬೆಂಕಿ ಕಂಡವರಿಗೆ ಕಾರಣ ಹೇಳಬೇಕಿಲ್ಲ.

ಜ್ವರ, ರೆಪ್ಪೆ ತೆರೆಯಲಾಗದ ಊತ, ದೃಷ್ಟಿ ಮಂಜಾಗುವುದು, ಒಂದು ಎರಡಾಗಿ ಕಾಣುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ತೋರಿಸಬೇಕು. ಚಾಮರಾಜಪೇಟೆಯಲ್ಲಿ, 1896ರಲ್ಲಿ ಆರಂಭವಾದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಯಶಸ್ವಿನಿ ಯೋಜನೆಯ ಸದಸ್ಯರು ಶಸ್ತ್ರಚಿಕಿತ್ಸೆಗೆ ಮುಂಚೆ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿಕೊಳ್ಳಿ. ಆಸ್ಪತ್ರೆಗೆ ಹೋಗುವಾಗ, ಈವರೆಗೆ ಹಾಕಿದ ಹನಿಯ ಬಾಟಲಿಯನ್ನು ಮುಚ್ಚಿಡದೆ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ.