ಬೆಕ್ಕಾ ಕಣಿವೆಯ ಗುಡಾರಗಳು



ಲೆಬನಾನ್ ದೇಶದ ಎರಡು ಪರ್ವತಶ್ರೇಣಿಗಳ ನಡುವೆ ಹಬ್ಬಿರುವ ಬೆಕ್ಕಾ ಕಣಿವೆಗೆ, ಸಿರಿಯಾದಲ್ಲಿ ಯುದ್ಧ ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚಿನಿಂದಲೂ, ಅಲ್ಲಿಯ ಕೂಲಿಗಳು ಸುಗ್ಗಿಗೆ ಬಂದು, ಹೊಲದಂಚಿನಲ್ಲಿ ಗುಡಾರ ಹೂಡಿ, ಆಲೂಗಡ್ಡೆ ಅಗೆದು ಹಿಂದಿರುಗುತ್ತಿದ್ದರು. ಅವರನ್ನು ಕರೆತರುತ್ತಿದ್ದವನಿಗೆ ಶಾವೀಶ್ ಎಂದು ಹೆಸರು. ನಮ್ಮ ಕಡೆಯ ಮೇಸ್ತ್ರಿ ಎನ್ನಿ. 2011ರಲ್ಲಿ ಸಿರಿಯಾದಲ್ಲಿ ಅಂತಃಕಲಹ ಹೊತ್ತಿಕೊಂಡ ಮೇಲೆ ಆ ಕೂಲಿಯ ಗುಡಾರಗಳ ಸಾಲಿಗೇ ಹೆಂಡಿರು ಮಕ್ಕಳು ಮುದುಕರು ಬಂದು ಸೇರಿದರು. 2014ರ ಏಪ್ರಿಲ್ ಹೊತ್ತಿಗೆ, ನಲವತ್ತು ಲಕ್ಷಕ್ಕೆ ತುಸು ಮಿಕ್ಕ ಜನರಿದ್ದ ಆ ಪುಟ್ಟ ದೇಶದಲ್ಲಿ, ದಾಖಲಾದ ಸಿರಿಯನ್ ನಿರಾಶ್ರಿತರೇ ಹತ್ತು ಲಕ್ಷವಾದರು.

1948ರಲ್ಲಿ ಬಂದ ಪ್ಯಾಲೆಸ್ತೀನಿಯರ ಶಿಬಿರಗಳು ಇಂದಿಗೂ ನಿಂತಿರುವುದನ್ನು ಕಂಡಿದ್ದ ಲೆಬನಾನ್ ಸರ್ಕಾರವು ಇವರಿಗೆ ಅಧಿಕೃತ ಶಿಬಿರವನ್ನು ಕಟ್ಟಗೊಡಲಿಲ್ಲ. ಆ ಭಯವನ್ನು ನಾನು ಹಳಿಯಲಾರೆ; ಆದರೆ ಅದರ ಫಲವನ್ನು ಉಂಡವರು ಬೇರೆ. ನಿರಾಶ್ರಿತನು ಹೊಲದ ಒಡೆಯನಿಂದ ತುಂಡು ನೆಲವನ್ನು ಬಾಡಿಗೆಗೆ ಹಿಡಿದು, ಮರದ ತುಂಡುಗಳ ಮೇಲೆ ಪ್ಲಾಸ್ಟಿಕ್ ಹೊದಿಕೆಯನ್ನೋ ಹಳೆಯ ಜಾಹೀರಾತು ಫಲಕದ ಹಾಳೆಯನ್ನೋ ಬಿಗಿದು, ತಾನೇ ಕಟ್ಟಿದ ಸೂರಿನಡಿಯ ಮಣ್ಣಿಗೆ ತಾನೇ ಹಣ ತೆರಬೇಕಾಯಿತು. ಅನೇಕ ಕಡೆ ಆ ಬಾಡಿಗೆಯನ್ನು ಎತ್ತುವವನೂ, ಅದು ತೀರದಿದ್ದಾಗ ಮಕ್ಕಳನ್ನು ಹೊಲದ ಕೆಲಸಕ್ಕೆ ಹಚ್ಚುವವನೂ ಅದೇ ಶಾವೀಶನೇ.

ಮರುಭೂಮಿಯ ಸೆಕೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದರೆ ತಾವು ತಿದ್ದಿಕೊಳ್ಳಬೇಕು: ಬೆಕ್ಕಾದಲ್ಲಿ ಹಿಮ ಬೀಳುತ್ತದೆ. 2019ರ ಜನವರಿಯ ಬಿರುಗಾಳಿಯಲ್ಲಿ ಗುಡಾರಗಳೊಳಗೆ ನೀರು ನುಗ್ಗಿ ಹಾಸಿಗೆಗಳು ತೇಲಿದವು. ಉರುವಲು ಕೊಳ್ಳಲಾರದವರು ಒಲೆಗೆ ಹಳೆಯ ಪಾದರಕ್ಷೆಗಳನ್ನೂ ಹಾಕಿ, ಆ ಹೊಗೆಯಲ್ಲಿಯೇ ಕೂಸುಗಳನ್ನು ಮಲಗಿಸುವರು. ಕುಡಿಯುವ ನೀರು ಲಾರಿಯಲ್ಲಿ ಬರಬೇಕು, ಶೌಚದ ಗುಂಡಿಯನ್ನು ಬರಿದು ಮಾಡಲು ಮತ್ತೊಂದು ಲಾರಿ ಬರಬೇಕು. ಹಣ ನಿಂತರೆ ಎರಡೂ ನಿಲ್ಲುವುವು. ದಾನಿಗಳು ಕಂಬಳಿ ಕಳಿಸುತ್ತಾರೆ, ಒಳ್ಳೆಯದೇ. ಅಲ್ಲಿ ಮೊದಲು ಬೇಕಾದುದು ಒದ್ದೆಯಾಗದ ನೆಲ, ನೀರು ಹರಿದುಹೋಗಲು ಒಂದು ಚರಂಡಿ, ತಲೆಮಟ್ಟದ ಒಂದು ಗೋಡೆ.

ಗೋಡೆಯ ಮಾತು ಬಂದಿತು. ಗಡಿಯ ಅರ್ಸಾಲ್ ಊರಿನಲ್ಲಿ, ಚಳಿಯನ್ನು ತಾಳಲಾರದೆ ಹಲವರು ಕಾಂಕ್ರೀಟ್ ಇಟ್ಟಿಗೆಗಳಿಂದ ಗೋಡೆ ಎತ್ತಿದ್ದರು. ಮೀಟರಿಗಿಂತ ಎತ್ತರದ ಗೋಡೆ ಶಾಶ್ವತ ನಿವಾಸದ ಲಕ್ಷಣವೆಂದು ಬಗೆದು, ಅವನ್ನು ಕೆಡವಬೇಕೆಂದು 2019ರಲ್ಲಿ ಆಜ್ಞೆಯಾಯಿತು. ಕಟ್ಟಿದ ಕೈಗಳೇ ಸುತ್ತಿಗೆ ಹಿಡಿದವು. ಎಂಟು ವರ್ಷ ಬಾಳಿದ ಮೇಲೂ ತಾತ್ಕಾಲಿಕನಾಗಿಯೇ ತೋರಬೇಕೆಂಬುದು ಎಂಥ ವಿಚಿತ್ರ ಧರ್ಮ!

2024ರ ಡಿಸೆಂಬರಿನಲ್ಲಿ ಸಿರಿಯಾದ ದಮಾಸ್ಕಸಿನ ಆಳ್ವಿಕೆ ಉರುಳಿದ ಮೇಲೆ ಅನೇಕರು ಮರಳಿದರು. ಆದರೆ ವಾಸದ ಪರವಾನಗಿ ಇಲ್ಲದ ತಂದೆ ತನಿಖೆಯ ಠಾಣೆಗೆ ಅಂಜಿ ಕಚೇರಿಗೆ ಹೋಗದುದರಿಂದ, ಗುಡಾರದಲ್ಲಿ ಹುಟ್ಟಿದ ಎಷ್ಟೋ ಮಕ್ಕಳ ಹೆಸರು ಯಾವ ದಫ್ತರದಲ್ಲಿಯೂ ಬಿದ್ದಿರಲಿಲ್ಲ; ಗಡಿಯಲ್ಲಿ, ಕಂಕುಳಿನ ಕೂಸು ತನ್ನದೇ ಎಂದು ತೋರಿಸುವುದಕ್ಕೆ ಅಂಥ ತಾಯಿಯ ಬಳಿ ಒಂದು ಚೀಟಿಯೂ ಇಲ್ಲ.