ಸ್ಥೂಲಕಾಯವೂ ಮೊಳಕಾಲಿನ ಕೀಲೂ

ಯಾದಗಿರಿಯ ಕೋಟೆಬೆಟ್ಟವನ್ನು ಬಾಲ್ಯದಲ್ಲಿ ಓಡುತ್ತ ಹತ್ತಿದವರು ಐವತ್ತು ದಾಟಿದ ಮೇಲೆ ಅದನ್ನು ಕೆಳಗಿನಿಂದಲೇ ನೋಡಿ ಹಿಂದಿರುಗುವುದುಂಟು. ಸುರಪುರವಂತೂ ಗುಡ್ಡಗಳ ನಡುವಣ ಊರು. ಅಲ್ಲಿ ಟೇಲರ್ ಮಂಜಿಲ್ ನೋಡಬೇಕಾದರೂ ಏರಲೇಬೇಕು. ಮೊಳಕಾಲಿನ ಬೇನೆಯೆಂದರೆ ಈ ಸೀಮೆಯಲ್ಲಿ ವಿವರಿಸಿ ಹೇಳಬೇಕಾದ ಮಾತಲ್ಲ.

ಶಹಾಪುರದಲ್ಲಿದ್ದ ನನ್ನ ತಾಯಿಯವರಿಗೆ ಈ ಬೇನೆಯಿತ್ತು. “ವಯಸ್ಸಾತಪ್ಪಾ, ಇನ್ನೇನದ” ಎಂದು ಅವರು ಮೊದಲು ಗುಡಿಗೆ ಹೋಗುವುದನ್ನು ಬಿಟ್ಟರು; ಬಳಿಕ ನೆರೆಮನೆಗೆ, ಕಡೆಗೆ ಅಂಗಳಕ್ಕೆ. ಕುಳಿತಷ್ಟೂ ಮೈ ಬೆಳೆಯಿತು. ಮೈ ಬೆಳೆದಷ್ಟೂ ನೋವು ಹೆಚ್ಚಿತು. ನಾನು ವೈದ್ಯನಲ್ಲ, ಪಾಠ ಹೇಳುವವನು. ಆದರೂ ಈ ಎರಡಕ್ಕೂ ಇರುವ ನಂಟನ್ನು ತಿಳಿದವರ ಗ್ರಂಥಗಳಿಂದ ಅರಿತಷ್ಟನ್ನು ತಮ್ಮ ಮುಂದಿಡುತ್ತೇನೆ.

ತೊಡೆಯ ಎಲುಬೂ ಕಣಕಾಲಿನ ಎಲುಬೂ ಕೂಡುವ ಸ್ಥಳವೇ ಮೊಳಕಾಲು. ಎರಡು ಎಲುಬುಗಳ ತುದಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆಯುಂಟು. ಇದರಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ. ಇದಕ್ಕೆ ರಕ್ತನಾಳಗಳಿಲ್ಲ. ನಡೆಯುವಾಗ ಒತ್ತಿ ಬಿಡುವ ಕ್ರಿಯೆಯಿಂದ ಕೀಲಿನೊಳಗಣ ರಸವನ್ನು ಹೀರಿ ಬದುಕುತ್ತದೆ. ಆದುದರಿಂದ ಮಿತವಾದ ನಡಿಗೆ ಮೃದ್ವಸ್ಥಿಗೆ ಆಹಾರವೇ ಹೊರತು ಶತ್ರುವಲ್ಲ. ಈ ಹೊದಿಕೆ ಸವೆದು, ಕೆಳಗಣ ಎಲುಬು ಗಡುಸಾಗಿ, ಅಂಚಿನಲ್ಲಿ ಮುಳ್ಳಿನಂತೆ ಬೆಳೆದು, ಕೀಲಿನ ಒಳಪೊರೆ ಕೆರಳುವ ರೋಗವನ್ನು ವೈದ್ಯರು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ.

ಬಂಡಿಗೆ ಹೇರು ಹೆಚ್ಚಾದರೆ ಅಚ್ಚು ಸವೆಯುವುದೆಂಬುದು ಒಕ್ಕಲಿಗರಿಗೆ ಗೊತ್ತು. ಸಮನೆಲದಲ್ಲಿ ನಡೆಯುವಾಗಲೂ ಮೊಳಕಾಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಮೆಟ್ಟಿಲಿನಲ್ಲಿ ಇನ್ನೂ ಹೆಚ್ಚು. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರಿಶೋಧನೆಯಂತೆ, ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಳಕಾಲಿನ ಹೊರೆ ನಾಲ್ಕು ಕಿಲೋ ಇಳಿಯುತ್ತದೆ. ಸಾವಿರ ಹೆಜ್ಜೆಗೆ ಅದು ನಾಲ್ಕು ಸಾವಿರ ಕಿಲೋ ಆಯಿತು.

ಆದರೆ ಬಂಡಿಯ ಉಪಮಾನ ಇಲ್ಲಿಗೇ ಮುಗಿಯುವುದಿಲ್ಲ. ಸ್ಥೂಲರಾದವರಿಗೆ ಕೈಬೆರಳುಗಳ ಕೀಲುಗಳಲ್ಲಿಯೂ ಈ ರೋಗ ಹೆಚ್ಚಾಗಿ ಕಾಣುತ್ತದೆ. ಕೈಬೆರಳಿನ ಮೇಲೆ ಯಾರೂ ನಡೆಯುವುದಿಲ್ಲವಷ್ಟೆ! ಹಾಗಾದರೆ ಇದು ಭಾರದಿಂದ ಮಾತ್ರವೇ ಆದುದಲ್ಲ. ಕೊಬ್ಬು ನಿರ್ಜೀವವಾದ ಹೇರಲ್ಲ, ಸಜೀವವಾದ ಅಂಗ. 1994ರಲ್ಲಿ ಕಂಡುಹಿಡಿದ ಲೆಪ್ಟಿನ್ ಎಂಬ ದ್ರವ್ಯವೂ, ಉರಿಯೂತವನ್ನು ಕೆರಳಿಸುವ ಬೇರೆ ದ್ರವ್ಯಗಳೂ ಅದರಿಂದ ಹೊರಟು ರಕ್ತದ ಮೂಲಕ ಕೀಲನ್ನು ಸೇರುತ್ತವೆ. ಮಂಡಿಚಿಪ್ಪಿನ ಕೆಳಗೇ ಇರುವ ಕೊಬ್ಬಿನ ಗದ್ದುಗೆಯಿಂದಲೂ ಇಂಥವು ಒಸರುತ್ತವೆ. ಇವುಗಳ ಪ್ರೇರಣೆಯಿಂದ ಮೃದ್ವಸ್ಥಿಯ ಕಣಗಳು ತಾವು ಕಟ್ಟಿದುದನ್ನು ತಾವೇ ಕರಗಿಸತೊಡಗುತ್ತವೆ. ಎಂದರೆ ಈ ಹೇರು ಅಚ್ಚನ್ನು ಸವೆಸುವುದಲ್ಲದೆ ಕೀಲೆಣ್ಣೆಯನ್ನೂ ಕೆಡಿಸುವ ಹೇರು.

ಹಾಗೆಂದು ನೋವುಳ್ಳವರನ್ನೆಲ್ಲ ಹೊಟ್ಟೆಬಾಕರೆಂದು ಹಳಿಯುವುದು ಅನ್ಯಾಯ. ದಿನವೆಲ್ಲ ಕುಕ್ಕರುಗಾಲಿನಲ್ಲಿ ದುಡಿದ ಬಡಕಲು ಹೆಣ್ಣುಮಗಳಿಗೂ ಇದು ಬರುತ್ತದೆ. ಹಳೆಯ ಪೆಟ್ಟು, ವಯಸ್ಸು, ವಂಶ ಇವೂ ಕಾರಣಗಳೇ. ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ಶಹಾಪುರ ಸುರಪುರಗಳ ಜೋಳದ ಹೊಲಗಳಲ್ಲಿ ಬತ್ತವೂ ಬೆಳೆಯಿತು. ದೋಷ ಅಕ್ಕಿಯದೂ ಅಲ್ಲ, ರೊಟ್ಟಿಯದೂ ಅಲ್ಲ. ಮೈದುಡಿಮೆ ತಗ್ಗಿದ ಮೇಲೂ ಉಣಿಸು ತಗ್ಗದಿದ್ದರೆ ಮೈ ಬೆಳೆಯುವುದು ಸಹಜ.

ಪರಿಹಾರವೇನು? ಸವೆದ ಮೃದ್ವಸ್ಥಿಯನ್ನು ಮರಳಿ ಬೆಳೆಸುವ ಖಚಿತವಾದ ಔಷಧವಿಲ್ಲ. ಆದರೆ ನೋವನ್ನು ತಗ್ಗಿಸಬಹುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಸ್ತ್ರೀಯರನ್ನು ಕುರಿತು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವರ್ಷಗಳಲ್ಲಿ ಸುಮಾರು 5 ಕಿಲೋ ಇಳಿದವರಿಗೆ ಮೊಳಕಾಲಿನ ಈ ರೋಗ ತಗಲುವ ಸಂಭವ ಅರ್ಧಕ್ಕಿಂತ ಕಡಮೆಯಾಗಿತ್ತು. ರೋಗ ಬಂದ ಮೇಲೂ ಮಿತಾಹಾರ ವ್ಯಾಯಾಮಗಳೆರಡನ್ನೂ ಕೂಡಿಸಿದವರಿಗೆ, ಒಂದನ್ನೇ ಅನುಸರಿಸಿದವರಿಗಿಂತ, ನೋವು ಹೆಚ್ಚು ತಗ್ಗಿತೆಂದು 454 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ವ್ಯಾಯಾಮವೆಂದರೆ ಬೆಟ್ಟ ಹತ್ತುವುದಲ್ಲ. ಸಮನೆಲದ ನಡಿಗೆ, ಕುರ್ಚಿಯಲ್ಲಿ ಕುಳಿತು ಕಾಲನ್ನು ಮೆಲ್ಲನೆ ನೀಡಿ ತುಸು ಹೊತ್ತು ಹಿಡಿದು ಇಳಿಸುವುದು, ಇಷ್ಟರಿಂದಲೇ ತೊಡೆಯ ಸ್ನಾಯು ಬಲಿತು ಮೊಳಕಾಲಿಗೆ ಆಸರೆಯಾಗುತ್ತದೆ. ಕೀಲು ಬಿಸಿಯಾಗಿ ಕೆಂಪೇರಿ ಬಾತು ಜ್ವರ ಬಂದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಕಡೆಯದಾಗಿ ಮನೆಯವರಿಗೊಂದು ಮಾತು. “ನೀ ಏಳಬ್ಯಾಡವ್ವಾ, ಕೂಡು” ಎಂದು ನಾವು ಮಕ್ಕಳು ತಾಯಿಗೆ ನೀರಿನ ತಂಬಿಗೆಯನ್ನು ಕೂಡ ಕೈಗೇ ತಂದುಕೊಡುತ್ತಿದ್ದೆವು. ಅದನ್ನು ಸೇವೆಯೆಂದು ನಂಬಿದ್ದೆವು. ಅವರಿಗೆ ಬೇಕಾಗಿದ್ದುದು ಅಂಗಳದವರೆಗೆ ಜೊತೆಯಲ್ಲಿ ನಡೆಯುವ ಒಂದು ಆಸರೆಯ ಕೈ. ನನಗೆ ಇದು ತಿಳಿಯುವಷ್ಟರಲ್ಲಿ ಅವರು ಇರಲಿಲ್ಲ. ತಮ್ಮ ಮನೆಗಳಲ್ಲಿ ಅಂಥ ಹಿರಿಯರಿದ್ದರೆ, ನಾಳೆ ಬೆಳಗ್ಗೆ ಅವರೊಡನೆ ಹತ್ತು ಹೆಜ್ಜೆ ನಡೆಯಿರಿ.